ರಾಯಚೂರಿನಲ್ಲಿ ಮನೆ ಹುಡುಕಿಕೊಟ್ಟ ಬ್ರೋಕರ್‌ಗೆ ಐದು ಸ್ಟಾರ್, ಸಾಮಾನು ತಂದ ಲಾರಿಯವರಿಗೆ ಒಂದೇ

ಹೈದರಾಬಾದ್ ಬಿಟ್ಟು ರಾಯಚೂರಿಗೆ ಹೋಗುತ್ತೇವೆ ಅಂದಾಗ ಎಲ್ಲರೂ ಕೇಳಿದ್ದು ಬಾಡಿಗೆ ಎಷ್ಟು ಉಳಿಯುತ್ತದೆ ಅಂತ. ಕೇಳಬೇಕಾದ್ದೇ. ಮಿಯಾಪುರದಲ್ಲಿ ಎರಡು ಬೆಡ್‌ರೂಮಿನ ಫ್ಲಾಟಿಗೆ 27,000 ಬಾಡಿಗೆ, ಅದರ ಮೇಲೆ 3,500 ಮೇಂಟೆನೆನ್ಸ್ ಕೊಡುತ್ತಿದ್ದೆವು. ಇಲ್ಲಿ ನೆಲಮಹಡಿಯ ಮನೆ, ಮುಂದೆ ಬೇವಿನ ಮರ, ಕಾರು ಸ್ಕೂಟರ್ ಎರಡೂ ನಿಲ್ಲುವಷ್ಟು ಜಾಗ, ಎಲ್ಲ ಸೇರಿ 11,000. ಇಷ್ಟು ಲೆಕ್ಕ ಯಾರು ಬೇಕಾದರೂ ಹಾಕುತ್ತಾರೆ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಮೇ ತಿಂಗಳ ಮಧ್ಯಾಹ್ನ ಮನೆಯೊಳಗೆ ಕೂರಲು ಆಗುತ್ತದಾ, ನಡುರಾತ್ರಿ ಮನೆಯ ಹಿರಿಯರಿಗೆ ಎದೆನೋವು ಬಂದರೆ ಎಲ್ಲಿಗೆ ಓಡಬೇಕು, ಇದನ್ನೆಲ್ಲ ಮೊದಲು ವಿಚಾರಿಸಿ ಆಮೇಲೆ ಮನೆ ತೋರಿಸಿದ ಒಬ್ಬ ಬ್ರೋಕರ್ ನಮಗೆ ಸಿಕ್ಕರು. ಅವರ ಬಗ್ಗೆ ಬರೆಯಬೇಕು ಅಂತ ತುಂಬ ದಿನದಿಂದ ಮನಸ್ಸಿನಲ್ಲಿತ್ತು. ಜೊತೆಗೆ ಸಾಮಾನು ಸಾಗಿಸಿದವರ ಬಗ್ಗೆಯೂ ಬರೆಯುತ್ತೇನೆ, ಅದು ಬೇರೆಯದೇ ಅನುಭವ.

ಯಾಕೆ ರಾಯಚೂರು ಅಂತ ಮೊದಲು ಹೇಳಿಬಿಡುತ್ತೇನೆ. ನನ್ನ ಯಜಮಾನರಿಗೆ ಮನೆಯಿಂದಲೇ ಕೆಲಸ, ಆದರೆ ತಿಂಗಳಲ್ಲಿ ಒಂದೆರಡು ಸಲ ಹೈದರಾಬಾದಿನ ಆಫೀಸಿಗೆ ಮುಖ ತೋರಿಸಬೇಕು. ನನ್ನ ತವರು ದಾವಣಗೆರೆ ಕಡೆ. ಮಗಳು ಐದನೇ ಕ್ಲಾಸ್ ಮುಗಿಸಿದ್ದಳು. ಅತ್ತೆಗೆ ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು. ಕರ್ನಾಟಕಕ್ಕೆ ವಾಪಸ್ ಬರಬೇಕು, ಬೆಂಗಳೂರು ಮಾತ್ರ ಬೇಡ ಅಂತ ಎಲ್ಲರೂ ಒಪ್ಪಿದ್ದೆವು. ಉಳಿದದ್ದು ಬಳ್ಳಾರಿ, ಕೊಪ್ಪಳ, ರಾಯಚೂರು.

ಬಳ್ಳಾರಿ ನನಗೆ ತುಂಬ ಹಿಡಿಸಿತ್ತು. ದೊಡ್ಡ ಊರು, ವಿಮ್ಸ್ ಆಸ್ಪತ್ರೆ ಇದೆ, ಒಳ್ಳೆಯ ಸ್ಕೂಲುಗಳಿವೆ, ತೋರಣಗಲ್ಲಿನ ಹತ್ತಿರ ವಿಮಾನ ನಿಲ್ದಾಣ ಕೂಡ ಇದೆ. ಗಾಂಧಿನಗರ, ಪಾರ್ವತಿನಗರದ ಕಡೆ ಮನೆ ನೋಡಿದೆವು. ನಮಗೆ ಒಪ್ಪುವ ಮನೆಗಳಿಗೆಲ್ಲ 15,000ದ ಆಸುಪಾಸು ಹೇಳಿದರು. ಅದಕ್ಕಿಂತ ಹೆಚ್ಚಾಗಿ ಹೈದರಾಬಾದ್ ದೂರ ಆಯಿತು. ಕೊಪ್ಪಳ ಸಣ್ಣ ಊರು, ಅಗ್ಗ, ಗವಿಮಠದ ಸುತ್ತ ಓಡಾಡಿದರೆ ಮನಸ್ಸಿಗೆ ಹಿತ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ಊರು, ಈಗ ಸರ್ಕಾರಿ ಮೆಡಿಕಲ್ ಕಾಲೇಜೂ ಇದೆ. ಹುಬ್ಬಳ್ಳಿಯ ಕಡೆ ಕೆಲಸ ಇರುವವರಿಗೆ ಕಣ್ಣುಮುಚ್ಚಿ ಅದನ್ನೇ ಹೇಳುತ್ತೇನೆ, ಆದರೆ ಗಿಣಿಗೇರಿ ಕಡೆ ಮನೆ ಮಾಡುವ ಮೊದಲು ಕಾರ್ಖಾನೆಗಳ ಹೊಗೆ ಬೂದಿ ಎಷ್ಟಿದೆ ಅಂತ ಅಲ್ಲಿನ ಜನರನ್ನೇ ಕೇಳಿ. ಊರವರು ಇದಕ್ಕಾಗಿಯೇ ಬೀದಿಗಿಳಿದು ಹೋರಾಟ ಮಾಡಿದ್ದಾರೆ. ನಮಗೆ ಹೈದರಾಬಾದಿಗೆ ಹೋಗಿಬರುವುದು ಮುಖ್ಯ. ರಾಯಚೂರು ಅಲ್ಲಿಂದ ಸುಮಾರು 200 ಕಿಲೋಮೀಟರ್. ಮೆಹಬೂಬ್‌ನಗರ ದಾಟಿ, ಕೃಷ್ಣಾ ಹೊಳೆ ದಾಟಿದರೆ ಬಂತು. ರೈಲೂ ಇದೆ, ಎರಡೂ ರಾಜ್ಯದ ಸರ್ಕಾರಿ ಬಸ್ಸುಗಳೂ ಇವೆ.

ಮೊದಲು ಮೊಬೈಲಿನಲ್ಲಿ ಮನೆ ಹುಡುಕುವ ಒಂದು ಆ್ಯಪ್ ಮೂಲಕ ನೋಡಿದೆವು. ದೊಡ್ಡ ಊರುಗಳಲ್ಲಿ ಅದು ಹೇಗಿದೆಯೋ, ಇಲ್ಲಿಗೆ ಮಾತ್ರ ಪ್ರಯೋಜನ ಇಲ್ಲ. ಇದ್ದದ್ದೇ ಬೆರಳೆಣಿಕೆಯ ಮನೆಗಳು. ಅದರಲ್ಲೂ ಕೆಲವು ಆಗಲೇ ಬಾಡಿಗೆಗೆ ಹೋಗಿದ್ದವು. ಒಂದರ ಫೋಟೋದಲ್ಲಿ ಹೊಸ ಬಣ್ಣ, ಹೊಸ ಕಿಟಕಿ. ಹೋಗಿ ನೋಡಿದರೆ ಗೋಡೆ ತುಂಬ ಉಪ್ಪು ಉದುರುತ್ತಿತ್ತು, ಬಾತ್‌ರೂಮಿನ ನಲ್ಲಿಗಳೆಲ್ಲ ಬಿಳಿ ಪದರ ಕಟ್ಟಿ ಬಿಗಿದುಹೋಗಿದ್ದವು. ಬೋರಿನ ನೀರು ಎಷ್ಟು ಗಡಸು ಅಂತ ಅದನ್ನು ನೋಡಿದರೇ ಗೊತ್ತಾಗುತ್ತದೆ. ಓನರ್ ನಂಬರ್ ನೋಡಲು ಆ್ಯಪಿಗೆ ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ.

ಆಮೇಲೆ ಯಜಮಾನರ ಸಹೋದ್ಯೋಗಿಯ ಮಾವ ಒಬ್ಬರು ಸ್ಟೇಷನ್ ರೋಡಿನ ಕಡೆಯ ಒಬ್ಬ ಬ್ರೋಕರ್ ನಂಬರ್ ಕೊಟ್ಟರು. ಅರವತ್ತು ದಾಟಿದ ಹಿರಿಯರು, ಎಲ್ಲರೂ ಚಾಚಾ ಅಂತಲೇ ಕರೆಯುತ್ತಾರೆ. ಬೋರ್ಡ್ ಇಲ್ಲ, ವೆಬ್‌ಸೈಟ್ ಇಲ್ಲ. ಒಂದು ಸ್ಕೂಟರ್, ಒಂದು ಉದ್ದನೆಯ ನೋಟ್‌ಬುಕ್. ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ಸಲೀಸಿನಲ್ಲಿ ಮಾತಾಡುತ್ತಾರೆ. ರಾಯಚೂರು 1948ರ ತನಕ ನಿಜಾಮರ ಆಳ್ವಿಕೆಯಲ್ಲಿದ್ದ ಊರು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ್ದು. ಹಾಗಾಗಿ ಇಲ್ಲಿನ ಪೇಟೆಯಲ್ಲಿ ಈ ಮೂರೂ ಮಾತು ಒಟ್ಟಿಗೇ ಕಿವಿಗೆ ಬೀಳುತ್ತವೆ. ಹೈದರಾಬಾದಿನಿಂದ ಬಂದ ನಮ್ಮ ಮಗಳಿಗೆ ಅದೊಂದು ಧೈರ್ಯ ಆಯಿತು.

ನಾನು ಫೋನಿನಲ್ಲಿ ಬಜೆಟ್ ಹೇಳಲು ಶುರು ಮಾಡಿದೆ. ಅವರು ತಡೆದು, "ಬಾಡಿಗಿ ಆಮ್ಯಾಲೆ ಮಾತಾಡೂಣಮ್ಮ, ಮನ್ಯಾಗ ಎಷ್ಟ್ ಮಂದಿ ಅದೀರಿ, ವಯಸ್ಸಾದೋರು ಯಾರರ ಅದಾರೇನು?" ಅಂತ ಕೇಳಿದರು. ಅತ್ತೆಯ ವಿಷಯ ಹೇಳಿದೆ. "ಹಂಗಿದ್ರ ಮೆಟ್ಟಲ ಇರೋ ಮನಿ ಬ್ಯಾಡ, ರಿಮ್ಸ್ ದವಾಖಾನಿಗೆ ಹತ್ರ ಇರೋವು ತೋರಸ್ತೀನಿ" ಅಂದರು. ಹೈದರಾಬಾದಿನಲ್ಲಿ ಬ್ರೋಕರ್‌ಗಳ ಜೊತೆ ಎಷ್ಟೋ ಸಲ ಮಾತಾಡಿದ್ದೇನೆ. ಅತ್ತೆಯ ಮಂಡಿನೋವು ಅವರಲ್ಲಿ ಯಾರಿಗೂ ಬೇಕಿರಲಿಲ್ಲ.

ಮನೆ ನೋಡಲು ಹೋದಾಗ ಚಾಚಾ ಹಾಲ್, ಬೆಡ್‌ರೂಮ್ ತೋರಿಸಲು ಆತುರಪಡುವುದಿಲ್ಲ. ಮೊದಲು ಸಂಪಿನ ಮುಚ್ಚಳ ತೆಗೆಸುತ್ತಾರೆ. ಎಷ್ಟು ಲೀಟರ್ ಹಿಡಿಯುತ್ತದೆ, ನಲ್ಲಿ ನೀರು ಅದಕ್ಕೇ ಬಂದು ಬೀಳುತ್ತದಾ ಅಥವಾ ಬರೀ ಬೋರಿನದ್ದಾ, ಕೊನೆಯ ಸಲ ಯಾವಾಗ ತೊಳೆದಿದ್ದು, ಎಲ್ಲವನ್ನೂ ಓನರ್ ಎದುರೇ ಕೇಳುತ್ತಾರೆ. ಆಮೇಲೆ ಪಕ್ಕದ ಮನೆಯವರನ್ನು ಕರೆದು ಅದೇ ಪ್ರಶ್ನೆ ಮತ್ತೆ ಕೇಳುತ್ತಾರೆ. ಒಂದು ಮನೆಯಲ್ಲಿ ಓನರ್ "ನೀರಿಗೇನು ತೊಂದರಿ ಇಲ್ರಿ" ಅಂದರು. ಪಕ್ಕದ ಅಮ್ಮ ಮಾತ್ರ ಬೇಸಿಗೆಯಲ್ಲಿ ವಾರ ದಾಟಿದರೂ ನಲ್ಲಿ ಬರುವುದಿಲ್ಲ ಅಂತ ನೇರವಾಗಿ ಹೇಳಿದರು. ಆ ಮನೆ ಅಲ್ಲಿಗೇ ಬಿಟ್ಟೆವು.

ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ, ಎರಡು ಹೊಳೆಗಳ ನಡುವಿನ ಜಿಲ್ಲೆ. ಅಂಥ ಕಡೆ ನೀರಿಗೆ ಇಷ್ಟು ವಿಚಾರಣೆ ಯಾಕೆ ಅನ್ನಿಸಬಹುದು. ಇಲ್ಲಿನವರಿಗೆ ಅದರ ಕಾರಣ ಚೆನ್ನಾಗಿ ಗೊತ್ತು. 2022ರ ಮೇ ಕೊನೆಯಲ್ಲಿ ಇದೇ ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಎಷ್ಟೋ ಜನ ಆಸ್ಪತ್ರೆ ಸೇರಿದರು, ಜೀವಗಳೂ ಹೋದವು. ಆ ದಿನಗಳ ಬಗ್ಗೆ ಮಾತಾಡುವಾಗ ಚಾಚಾ ಧ್ವನಿ ಈಗಲೂ ಗಡುಸಾಗುತ್ತದೆ. ಕುಡಿಯಲು ನಲ್ಲಿ ನೀರು ನೇರವಾಗಿ ಬಳಸಬೇಡಿ ಅಂತ ಬರುವ ಪ್ರತಿ ಬಾಡಿಗೆದಾರರಿಗೂ ಹೇಳುತ್ತಾರೆ. ಬೋರಿನ ನೀರಂತೂ ಬೇಡವೇ ಬೇಡ, ರಾಯಚೂರು ಕೊಪ್ಪಳ ಎರಡೂ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ತೊಂದರೆ ಹಳೆಯದು. ನಾವು ಏರಿಯಾದ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿ ತರುತ್ತೇವೆ. ಐದು ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್. ಮನೆಯಲ್ಲೇ ಫಿಲ್ಟರ್ ಹಾಕಿಸಿದವರೂ ಇದ್ದಾರೆ. ಅದನ್ನೂ ಮನೆ ಖರ್ಚಿನಲ್ಲಿ ಸೇರಿಸಿಕೊಳ್ಳಿ.

ಎರಡನೆಯದು ಬಿಸಿಲು. ಏಪ್ರಿಲ್ ಮೇ ತಿಂಗಳಲ್ಲಿ 42, 43 ಡಿಗ್ರಿ ಇಲ್ಲಿ ದೊಡ್ಡ ಸುದ್ದಿಯೇ ಅಲ್ಲ. ಮೇಲಿನ ಮಹಡಿಯ ಒಂದು ಮನೆ ನನಗೆ ತುಂಬ ಇಷ್ಟವಾಗಿತ್ತು, ಒಳ್ಳೆ ಬೆಳಕು, ಉದ್ದನೆಯ ಬಾಲ್ಕನಿ, ಬಾಡಿಗೆ 8,500 ಅಷ್ಟೇ. ಚಾಚಾ ಒಪ್ಪಲಿಲ್ಲ. "ಈಗ ಚಳಿಗಾಲ ಅಂತ ಚಂದ ಕಾಣಸ್ತೈತಮ್ಮ. ಪಡುವಣ ಗ್ವಾಡಿ ಪೂರಾ ಬಿಸಲಿಗೆ ಐತಿ, ಮ್ಯಾಲೆ ಬರೇ ಸ್ಲ್ಯಾಬು. ಬ್ಯಾಸಗ್ಯಾಗ ಹಂಚಿನ ಮ್ಯಾಲೆ ರೊಟ್ಟಿ ಬೆಂದಂಗ ಬೇಯ್ತೀರಿ" ಅಂದರು. ಆ ಮನೆ ಕೊಡಿಸಿದ್ದರೂ ಅವರಿಗೆ ಕಮಿಷನ್ ಬರುತ್ತಿತ್ತು, ಅದೇ ದಿನ ಕೆಲಸ ಮುಗಿಯುತ್ತಿತ್ತು. ಬೇಡ ಅಂದರು. ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದೇ ಅವತ್ತು.

ಬಿಸಿಲಿನ ಜೊತೆ ಕರೆಂಟ್ ಬಿಲ್ ಲೆಕ್ಕವೂ ಸೇರಿಕೊಂಡಿದೆ, ಹೊರ ರಾಜ್ಯದಿಂದ ಬರುವವರು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಗೃಹಜ್ಯೋತಿಯಲ್ಲಿ 200 ಯೂನಿಟ್ ಫ್ರೀ ಅಂತ ಎಲ್ಲರೂ ಹೇಳುತ್ತಾರೆ. 2023ರ ಆಗಸ್ಟ್‌ನಿಂದ ಜೀರೋ ಬಿಲ್ ಬರುತ್ತಿರುವುದು ನಿಜ, ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ಎಲ್ಲರಿಗೂ 200 ಯೂನಿಟ್ ಅಂತಲ್ಲ. ಆ ಮೀಟರಿನ 2022-23ರ ಸರಾಸರಿ ಬಳಕೆ ನೋಡುತ್ತಾರೆ, ಅದರ ಮೇಲೆ ಸ್ವಲ್ಪ ಸೇರಿಸುತ್ತಾರೆ, ಅಷ್ಟು ಫ್ರೀ. ಅದನ್ನು ದಾಟಿದರೆ ಹೆಚ್ಚಾದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ತಿಂಗಳಿಗೆ 200 ದಾಟಿತೋ, ಪೂರ್ತಿ ಬಿಲ್ ನಿಮ್ಮದೇ. ಎಸಿ ಇರುವ ಮನೆಯಲ್ಲಿ ಮೇ ತಿಂಗಳು 200ರ ಒಳಗೆ ಇರುವುದು ಕಷ್ಟ, ನಮಗಂತೂ ಬೇಸಿಗೆಯಲ್ಲಿ ಪೂರ್ತಿ ಬಿಲ್ಲೇ ಬಂತು. ಚಾಚಾ ಓನರ್ ಹತ್ತಿರ ಹಿಂದಿನ ವರ್ಷದ ಜೆಸ್ಕಾಂ ಬಿಲ್‌ಗಳನ್ನು ತರಿಸಿ ನೋಡುತ್ತಾರೆ. ಆ ಬಿಲ್ ನೋಡಿದರೆ ಎರಡು ವಿಷಯ ತಿಳಿಯುತ್ತದೆ, ಫ್ರೀ ಎಷ್ಟು ಸಿಗಬಹುದು ಅನ್ನುವುದು ಒಂದು, ಬೇಸಿಗೆಯಲ್ಲಿ ಆ ಮನೆ ಎಷ್ಟು ಕಾಯುತ್ತದೆ ಅನ್ನುವುದು ಇನ್ನೊಂದು. ಹಿಂದೆ ಇದ್ದವರ ಆಧಾರ್ ಆ ಮನೆಯ ಕರೆಂಟ್ ಕನೆಕ್ಷನ್ನಿನ ಆರ್‌ಆರ್ ನಂಬರಿಗೆ ಜೋಡಣೆಯಾಗಿದ್ದರೆ ಅದನ್ನು ತೆಗೆಸಿದ ಮೇಲೆಯೇ ನಿಮ್ಮದು ಸೇರಿಸಲು ಆಗುತ್ತದೆ. ಅಡ್ವಾನ್ಸ್ ಕೊಡುವ ಮೊದಲೇ ಓನರ್‌ಗೆ ಹೇಳಿ ಆ ಕೆಲಸ ಮಾಡಿಸಿಕೊಟ್ಟರು.

ಇಲ್ಲಿ ಒಂದು ಮಾತು ಹೇಳಲೇಬೇಕು. ರಾಜ್ಯಕ್ಕೆಲ್ಲ ಕರೆಂಟ್ ಕೊಡುವ ಜಿಲ್ಲೆ ಇದು. ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರ ಆರ್‌ಟಿಪಿಎಸ್ 1,720 ಮೆಗಾವ್ಯಾಟ್, ಯರಮರಸ್‌ನದ್ದು 1,600 ಮೆಗಾವ್ಯಾಟ್. ಆ ಬೂದಿ ಧೂಳು ಇಲ್ಲಿನವರೇ ಉಸಿರಾಡುತ್ತಾರೆ. ಆದರೂ ಬೇಸಿಗೆ ರಾತ್ರಿ ಕರೆಂಟ್ ಹೋಗುತ್ತದೆ. ನಾನು ಈ ಊರಿನವಳಲ್ಲದಿದ್ದರೂ ಇದನ್ನು ನೋಡಿ ಹೊಟ್ಟೆ ಉರಿಯುತ್ತದೆ. ಇನ್ವರ್ಟರ್ ಇಲ್ಲದೆ ಬರಬೇಡಿ. ಮನೆ ಹುಡುಕುವಾಗ ಶಕ್ತಿನಗರ, ಯರಮರಸ್ ಕಡೆ ನೋಡುವವರು ಮಾಳಿಗೆ ಮೇಲೆ ಹತ್ತಿ ಬೆರಳಿನಿಂದ ನೆಲ ಒರೆಸಿ ನೋಡಿ, ಗಾಳಿ ಎತ್ತ ಬೀಸುತ್ತದೆ ಅಂತ ಅಕ್ಕಪಕ್ಕದವರನ್ನು ಕೇಳಿ.

ಇನ್ನು ಮನೆ ಹುಡುಕುವಾಗ ಎದುರಾಗುವ ಇನ್ನೊಂದು ಪ್ರಶ್ನೆ. ಬಾಡಿಗೆ, ಅಡ್ವಾನ್ಸ್ ಮಾತಿಗೂ ಮುಂಚೆ "ನೀವು ಯಾರ ಪೈಕಿ?" ಅಂತ ಕೇಳುವ ಓನರ್‌ಗಳು ಇಲ್ಲೂ ಇದ್ದಾರೆ. ಇದು ರಾಯಚೂರಿಗಷ್ಟೇ ಸೇರಿದ್ದಲ್ಲ, ಬಳ್ಳಾರಿಯಲ್ಲೂ ಕೇಳಿದರು, ಹೈದರಾಬಾದಿನಲ್ಲೂ ಕೇಳಿದ್ದರು. ಒಂದು ಮನೆಯಲ್ಲಿ ಓನರಮ್ಮ ನಮ್ಮನ್ನು ಒಳಗೆ ಕೂರಿಸಿ ನೀರು ಕೊಟ್ಟರು, ಚಾಚಾ ಹೊರಗೆ ಸ್ಕೂಟರ್ ಹತ್ತಿರವೇ ನಿಂತಿದ್ದರು. ಒಳಗೆ ಬನ್ನಿ ಅಂತ ಆಕೆ ಕರೆಯಲಿಲ್ಲ, ಅವರೂ ಬರಲಿಲ್ಲ. ಮನೆ ಚೆನ್ನಾಗಿತ್ತು. ಹೊರಗೆ ಬಂದು ನಾವು ಈ ಮನೆ ಬೇಡ ಅಂದೆವು. ಅವರು "ನನ್ನ ಸಲುವಾಗಿ ಬಿಡಬ್ಯಾಡ್ರಿ, ನೀರು ಚಲೋ ಐತಿ" ಅಂದರು. ಇಪ್ಪತ್ತು ಮೂವತ್ತು ವರ್ಷ ಇಡೀ ಊರಿಗೆ ಮನೆ ಹುಡುಕಿಕೊಟ್ಟ ಮನುಷ್ಯನಿಗೆ ತಾನೇ ಬಾಡಿಗೆಗೆ ಹೋಗಲಾಗದ ಬೀದಿಗಳು ಯಾವುವು ಅಂತ ಬಾಯಿಪಾಠವಿದೆ. ಅದನ್ನು ದೂರಿನ ಧಾಟಿಯಲ್ಲಿ ಅವರು ಒಮ್ಮೆಯೂ ಹೇಳಲಿಲ್ಲ. ನನಗೆ ಇವತ್ತಿಗೂ ಆ ಸಂಕಟ ಹೋಗಿಲ್ಲ.

ಕೊನೆಗೆ ಸಿಕ್ಕಿದ ಮನೆ ಲಿಂಗಸುಗೂರು ರೋಡಿನ ಕಡೆ. ಓನರ್ ನಿವೃತ್ತ ಮೇಷ್ಟ್ರು, ಮೇಲಿನ ಮಹಡಿಯಲ್ಲಿ ಅವರೇ ಇದ್ದಾರೆ. ಅಂದರೆ ಬಿಸಿಲು ಅವರ ತಲೆ ಮೇಲೆ, ಕೆಳಗಿನ ಮನೆ ತಂಪು. ಸಂಪು ದೊಡ್ಡದು. ಅಡ್ವಾನ್ಸ್ 50,000. ಹನ್ನೊಂದು ತಿಂಗಳ ಅಗ್ರಿಮೆಂಟ್ ಬರೆಸುವಾಗ ಚಾಚಾ ಒಂದು ಸಾಲು ಸೇರಿಸಿದರು, ನಲ್ಲಿ ನೀರು ಬಾರದೆ ಟ್ಯಾಂಕರ್ ಹಾಕಿಸಬೇಕಾದರೆ ಆ ಖರ್ಚು ಓನರ್ ಬಾಡಿಗೆದಾರ ಇಬ್ಬರೂ ಅರ್ಧ ಅರ್ಧ ಕೊಡತಕ್ಕದ್ದು ಅಂತ. ಮೇಷ್ಟ್ರು ಸ್ವಲ್ಪ ಗೊಣಗಿ ಒಪ್ಪಿದರು. ಬೇಸಿಗೆಯಲ್ಲಿ ಆ ಒಂದು ಸಾಲು ಬಾಯಿಮಾತಿನ ಜಗಳ ತಪ್ಪಿಸಿತು. ಬಣ್ಣದ ವಿಷಯವೂ ಬರೆಸಿದ್ದಾರೆ. ಹೈದರಾಬಾದಿನಲ್ಲಿ ಮನೆ ಬಿಡುವಾಗ ಬಣ್ಣಕ್ಕೆ ಅಂತ ಒಂದು ತಿಂಗಳ ಬಾಡಿಗೆ ಪೂರ್ತಿ ಹಿಡಿದುಕೊಂಡಿದ್ದರು, ಇಲ್ಲಿ ಎಷ್ಟು ಹಿಡಿಯಬಹುದು ಅಂತ ಮೊತ್ತವೇ ಕಾಗದದಲ್ಲಿದೆ. ಚಾಚಾ ಫೀಸು ಒಂದು ತಿಂಗಳ ಬಾಡಿಗೆ, ಹಾಗಾಗಿ 11,000. ಅದರಲ್ಲಿ ಚೌಕಾಸಿ ಇಲ್ಲ. ಮನೆ ತೋರಿಸಲು ಪೆಟ್ರೋಲ್‌ಗೆ, ಓಡಾಟಕ್ಕೆ ಅಂತ ಬೇರೆ ಏನೂ ಕೇಳಲಿಲ್ಲ. ಹೆಚ್ಚು ಅನ್ನಿಸಿದರೆ ಅನ್ನಿಸಲಿ, ನಾನಂತೂ ಖುಷಿಯಿಂದ ಕೊಟ್ಟೆ.

ಅವರಲ್ಲಿ ಕೊರತೆ ಇಲ್ಲವೇ ಅಂದರೆ ಇದೆ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ ಅಂದರೆ ಕಳಿಸುವುದಿಲ್ಲ, ಬಂದೇ ನೋಡಬೇಕು. ದೂರದಿಂದ ಬರುವವರಿಗೆ ಇದು ಕಷ್ಟವೇ. ಅಪಾರ್ಟ್‌ಮೆಂಟ್‌ಗಳ ಬಗ್ಗೆ ಅವರಿಗೆ ಅಷ್ಟು ಮಾಹಿತಿ ಇಲ್ಲ. ಹೊಸ ಲೇಔಟ್‌ಗಳ ಮನೆ ಬೇಕಾದವರು ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ.

ಈಗ ಸಾಮಾನು ಸಾಗಿಸಿದವರ ವಿಷಯ. ಹೈದರಾಬಾದಿನಲ್ಲಿ ಆನ್‌ಲೈನ್‌ನಲ್ಲಿ ಬುಕ್ ಮಾಡುವ ಒಂದು ಪ್ಯಾಕರ್ಸ್ ಮೂವರ್ಸ್. ಹೆಸರು ಬೇಡ. ವಿಡಿಯೋ ಕಾಲಿನಲ್ಲಿ ಸಾಮಾನೆಲ್ಲ ನೋಡಿ 19,000 ಹೇಳಿದರು, ಪ್ಯಾಕಿಂಗ್, ಲೋಡಿಂಗ್, ಅನ್‌ಲೋಡಿಂಗ್ ಎಲ್ಲ ಸೇರಿ. ಪ್ಯಾಕಿಂಗ್ ಚೆನ್ನಾಗಿಯೇ ಮಾಡಿದರು, ಹುಡುಗರು ಕೆಲಸಗಾರರು, ಅದನ್ನು ಇಲ್ಲ ಅನ್ನುವುದಿಲ್ಲ. ಲಾರಿ ರಾಯಚೂರಿಗೆ ಬಂದು ಮನೆ ಮುಂದೆ ನಿಂತ ಮೇಲೆ ಆಫೀಸಿನಿಂದ ಫೋನ್. ಬಾರ್ಡರ್ ಟ್ಯಾಕ್ಸ್, ಇ-ವೇ ಬಿಲ್ (ಸರಕು ಸಾಗಿಸಲು ಜಿಎಸ್‌ಟಿಯವರು ಕೇಳುವ ಆನ್‌ಲೈನ್ ಪತ್ರ) ಚಾರ್ಜ್, ಅದು ಇದು ಸೇರಿಸಿ ಇನ್ನೂ 6,500 ಕೊಟ್ಟರೆ ಮಾತ್ರ ಇಳಿಸುತ್ತೇವೆ ಅಂದರು. ಫ್ರಿಜ್, ಮಂಚ, ಅತ್ತೆಯ ಇನ್ಸುಲಿನ್ ಇಟ್ಟಿದ್ದ ಡಬ್ಬಿ, ಎಲ್ಲ ಅವರ ಲಾರಿಯಲ್ಲಿ.

ಇದನ್ನು ಓದುವವರು ದಯವಿಟ್ಟು ನೆನಪಿಟ್ಟುಕೊಳ್ಳಿ. ಬಳಸಿದ ಮನೆಸಾಮಾನಿಗೆ ಇ-ವೇ ಬಿಲ್ ಬೇಕಾಗಿಲ್ಲ. ಜಿಎಸ್‌ಟಿ ನಿಯಮ 138ರಲ್ಲೇ ಅದಕ್ಕೆ ವಿನಾಯಿತಿ ಇದೆ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯಗಳ ಗಡಿಯಲ್ಲಿ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟ್‌ಗಳನ್ನೂ ತೆಗೆದಿದ್ದಾರೆ. ಹಾಗಾಗಿ ಮನೆಸಾಮಾನಿನ ಮೇಲೆ ಬಾರ್ಡರ್ ಟ್ಯಾಕ್ಸ್ ಅಂತ ಕೇಳಿದರೆ ರಸೀದಿ ತೋರಿಸಿ ಅನ್ನಿ. ಯಜಮಾನರು ಅದನ್ನೇ ಹೇಳಿದರು. ಆ ಕಡೆಯಿಂದ ಉತ್ತರ ಇಲ್ಲ, ಬರೀ ಜೋರು ಮಾತು. ಅಷ್ಟರಲ್ಲಿ ಚಾಚಾ ಬಂದರು. ಬ್ರೋಕರ್‌ಗೆ ಸಾಮಾನಿನ ವಿಷಯಕ್ಕೆ ಯಾವ ಸಂಬಂಧವೂ ಇಲ್ಲ, ಫೀಸೂ ಆಗಲೇ ಕೊಟ್ಟಾಗಿತ್ತು. ಡ್ರೈವರ್ ಜೊತೆ ಉರ್ದುವಿನಲ್ಲಿ ನಿಧಾನವಾಗಿ ಮಾತಾಡಿ, ಅವನಿಗೆ ಚಹಾ ಕುಡಿಸಿ, ಆಫೀಸಿನವರಿಗೆ ಫೋನ್ ಹಚ್ಚಿಸಿ ರಸೀದಿ ಕೇಳಿದರು. ರಸೀದಿ ಇಲ್ಲದಿದ್ದರೆ ಠಾಣೆಗೆ ಹೋಗೋಣ ನಡೀರಿ, ದೂರ ಇಲ್ಲ ಅಂದರು. 6,500 ಇದ್ದದ್ದು 1,000ಕ್ಕೆ ಇಳಿಯಿತು. ಆ ಸಾವಿರವನ್ನೂ ನಾವು ಕೊಟ್ಟಿದ್ದು ಬಿಸಿಲಲ್ಲಿ ಕಾದಿದ್ದ ಹುಡುಗರ ಕೈಗೆ. ಒಂದು ಸ್ಟಾರ್ ಕೊಟ್ಟಿರುವುದೂ ಆ ಹುಡುಗರ ಪ್ಯಾಕಿಂಗಿಗೆ.

ರೇಟ್ ಮಾತಾಡುವಾಗಲೇ ಟೋಲ್ ಯಾರದ್ದು, ಮಹಡಿ ಹತ್ತಿಸುವ ಕೂಲಿ ಯಾರದ್ದು ಅಂತ ಬರೆಸಿಕೊಳ್ಳಿ. ಅರ್ಧಕ್ಕಿಂತ ಹೆಚ್ಚು ದುಡ್ಡು ಮುಂಗಡ ಕೊಡಬೇಡಿ. ಔಷಧಿ, ಕಾಗದಪತ್ರ, ಬಂಗಾರ ನಿಮ್ಮ ಜೊತೆಗೇ ಇರಲಿ. ರಾಯಚೂರಿನ ಗೂಡ್ಸ್ ಗಾಡಿಯವರನ್ನೇ ಹೈದರಾಬಾದಿಗೆ ಕರೆಸಿ ಸಾಮಾನು ತುಂಬಿಸಿದವರೂ ಇಲ್ಲಿ ಇದ್ದಾರೆ, ಅವರಿಗೆ ಊರಿಗೆ ವಾಪಸ್ ಬರುವ ದಾರಿ ಆದ್ದರಿಂದ ಕಡಿಮೆಗೇ ಒಪ್ಪುತ್ತಾರಂತೆ.

ರಾಜ್ಯ ಬದಲಿಸಿದರೆ ಬರುವ ಉಳಿದ ಖರ್ಚುಗಳಲ್ಲಿ ದೊಡ್ಡದು ಕಾರಿನದ್ದು. ತೆಲಂಗಾಣದ ಆರ್‌ಟಿಓದಿಂದ ಎನ್‌ಒಸಿ ತಂದು ಇಲ್ಲಿನ ಕೆಎ-36 ನಂಬರಿಗೆ ಬದಲಿಸಬೇಕು. ಒಂದು ವರ್ಷಕ್ಕಿಂತ ಹೆಚ್ಚು ಇಲ್ಲೇ ಓಡಿಸುವುದಾದರೆ ಅದು ಕಡ್ಡಾಯ. ಕರ್ನಾಟಕದ ಜೀವಿತಾವಧಿ ತೆರಿಗೆ ದೇಶದಲ್ಲೇ ಜಾಸ್ತಿ ಇರುವವುಗಳಲ್ಲಿ ಒಂದು. ಕಾರು ಹಳೆಯದಾದಷ್ಟೂ ಕಡಿಮೆ ಬೀಳುತ್ತದೆ, ಆದರೂ ನಮಗೆ ಕೆಲವು ತಿಂಗಳ ಬಾಡಿಗೆ ಉಳಿತಾಯವೆಲ್ಲ ಅದಕ್ಕೇ ಹೋಯಿತು. ಅಲ್ಲಿ ಕಟ್ಟಿದ್ದರಲ್ಲಿ ಉಳಿದ ವರ್ಷಗಳ ತೆರಿಗೆ ವಾಪಸ್ ಕೇಳಬಹುದು, ಅರ್ಜಿ ಹಾಕಿದ್ದೇವೆ. ಹೊಸ ಕಾರು ಕೊಳ್ಳುವ ಯೋಚನೆ ಇರುವವರು ಇಲ್ಲಿಗೆ ಬಂದ ಮೇಲೆ ಕೊಳ್ಳಿ.

ಸ್ಕೂಲಿನ ವಿಷಯಕ್ಕೆ ಬಂದರೆ, ಕನ್ನಡ ಕಲಿಕಾ ಕಾಯ್ದೆ 2015ರಲ್ಲಿ ಬಂದಿದೆ, ಸಿಬಿಎಸ್‌ಇ ಸ್ಕೂಲಾದರೂ ಕನ್ನಡ ಕಲಿಸಬೇಕು. ನಮ್ಮ ಮಗಳು ಅಲ್ಲಿ ತೆಲುಗು ಓದಿದವಳು. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಆದರೆ ಅಕ್ಷರ ಗೊತ್ತಿರಲಿಲ್ಲ. ಓನರ್ ಮೇಷ್ಟ್ರೇ ಸಂಜೆ ಹೊತ್ತು ಹೇಳಿಕೊಡುತ್ತಾರೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಒತ್ತಕ್ಷರ ಬರೆಯುವಾಗ ಇನ್ನೂ ತಡವರಿಸುತ್ತಾಳೆ. ಅತ್ತೆಯ ಆಧಾರ್ ವಿಳಾಸ ಇಲ್ಲಿಗೆ ಬದಲಾದ ಮೇಲೆ ಶಕ್ತಿ ಯೋಜನೆಯ ಫ್ರೀ ಬಸ್ಸಿನಲ್ಲಿ ಓಡಾಡುತ್ತಾರೆ. ಹೈದರಾಬಾದಿಗೆ ಹೋಗುವ ಬಸ್ಸಿಗೆ ಮಾತ್ರ ಅದು ನಡೆಯುವುದಿಲ್ಲ. ಇನ್ನೊಂದು, ಕಲ್ಯಾಣ ಕರ್ನಾಟಕಕ್ಕೆ ಬಂದ ಕೂಡಲೇ ಮಕ್ಕಳಿಗೆ 371ಜೆ ಸರ್ಟಿಫಿಕೇಟ್ (ಈ ಭಾಗದವರಿಗೆ ಓದು, ಕೆಲಸದಲ್ಲಿ ಮೀಸಲಾತಿ ಕೊಡಿಸುವುದು) ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಈ ಭಾಗದಲ್ಲಿ ಹುಟ್ಟಿದವರಿಗೆ, ವರ್ಷಗಟ್ಟಲೆ ಇಲ್ಲೇ ಬಾಳಿದವರಿಗೆ ಅಂತ ಇರುವ ಹಕ್ಕು ಅದು. ಅವರಿಗೇ ಸಿಗಬೇಕು.

ಆಸ್ಪತ್ರೆಯ ಮಾತು. ರಿಮ್ಸ್ ಇದೆ, ಒಪೆಕ್ ಆಸ್ಪತ್ರೆ ಇದೆ, ಖಾಸಗಿಯವೂ ಇವೆ. ಅತ್ತೆಯ ತಿಂಗಳ ಚೆಕಪ್‌ಗೆ ಯಾವ ತೊಂದರೆಯೂ ಆಗಿಲ್ಲ. ದೊಡ್ಡ ಕಾಯಿಲೆಗೆ ಮಾತ್ರ ಇಲ್ಲಿನ ಜನ ಈಗಲೂ ಹೈದರಾಬಾದ್ ಗಾಡಿ ಹತ್ತುತ್ತಾರೆ. ಏಮ್ಸ್ ಬೇಕು ಅಂತ 2022ರಿಂದ ಇಲ್ಲಿ ಧರಣಿ ಶುರುವಾಗಿದ್ದು ಇದಕ್ಕೇ. ಐಐಟಿ ಕೇಳಿದರೆ ಧಾರವಾಡಕ್ಕೆ ಹೋಯಿತು, ರಾಯಚೂರಿಗೆ ಐಐಐಟಿ ಬಂತು. ಏಮ್ಸ್ ಆದರೂ ಬರಲಿ ಅಂತ ನಾನೂ ಮನಸಾರೆ ಬಯಸುತ್ತೇನೆ. ಮನೆಯಲ್ಲಿ ಹೃದಯದ ತೊಂದರೆ, ಕಿಡ್ನಿ ತೊಂದರೆ ಇರುವವರು ಇದ್ದರೆ ಇದನ್ನು ಯೋಚಿಸಿಯೇ ಊರು ಆರಿಸಿ.

ದಿನದ ಖರ್ಚು ನಿಜವಾಗಿಯೂ ಕಡಿಮೆಯಾಗಿದೆ. ಸಿಂಧನೂರು ಕಡೆಯ ಸೋನಾ ಮಸೂರಿ ನೇರವಾಗಿ ಮಿಲ್ಲಿನಿಂದ ತರುತ್ತೇವೆ. ತೀನ್ ಕಂದಿಲ್ ಹತ್ತಿರ ತರಕಾರಿ ತಂದರೆ ಚೀಲ ಭಾರ, ಬಿಲ್ ಹಗುರ. ಬೆಳಿಗ್ಗೆ ಸುಸಲಾ ಮಿರ್ಚಿ ತಿಂದು ನಾಲ್ಕು ಜನ ಎದ್ದರೂ ಹೈದರಾಬಾದಿನಲ್ಲಿ ಒಬ್ಬರ ತಿಂಡಿಗೆ ಆಗುತ್ತಿದ್ದ ದುಡ್ಡು ಆಗುವುದಿಲ್ಲ. ಬಾಡಿಗೆಯಲ್ಲಿ ತಿಂಗಳಿಗೆ 19,500 ಉಳಿಯಿತು ಅಂತ ಕಾಗದದ ಮೇಲೆ ಕಾಣುತ್ತದೆ. ಬೇಸಿಗೆಯ ಕರೆಂಟ್, ಟ್ಯಾಂಕರ್, ಕುಡಿಯುವ ನೀರು, ಯಜಮಾನರ ರೈಲು ಬಸ್ಸು, ಕಾರಿನ ತೆರಿಗೆ ಎಲ್ಲ ಕಳೆದರೂ ಅರ್ಧಕ್ಕಿಂತ ಹೆಚ್ಚು ಕೈಯಲ್ಲಿ ನಿಲ್ಲುತ್ತದೆ. ಆ ಮೇಲಿನ ಮಹಡಿಯ 8,500ರ ಮನೆ ಹಿಡಿದಿದ್ದರೆ ಬೇಸಿಗೆ ತಿಂಗಳುಗಳಲ್ಲಿ ಇಷ್ಟು ನಿಲ್ಲುತ್ತಿರಲಿಲ್ಲ, ಕರೆಂಟ್ ಬಿಲ್ಲಿಗೇ ಆ ತಿಂಗಳ ವ್ಯತ್ಯಾಸ ಕರಗುತ್ತಿತ್ತು.

ಚಾಚಾ ಬೇಕಾದವರು ಸ್ಟೇಷನ್ ರೋಡಿನ ಚಹಾ ಅಂಗಡಿಗಳಲ್ಲಿ ಮನೆ ತೋರಿಸುವ ಚಾಚಾ ಅಂತ ಕೇಳಿ, ಕರೆದುಕೊಂಡು ಹೋಗಿ ತೋರಿಸುತ್ತಾರೆ. ಸಾಧ್ಯವಾದರೆ ಏಪ್ರಿಲ್‌ನಲ್ಲಿ, ಅದೂ ಮಧ್ಯಾಹ್ನ ಬಂದು ಮನೆ ನೋಡಿ. ಶುಕ್ರವಾರ ಮಾತ್ರ ನಮಾಜಿಗೆ ಹೋಗಿರುತ್ತಾರೆ, ಅವತ್ತು ಮೂರು ಗಂಟೆಯ ಮೇಲೆ ಸಿಗುತ್ತಾರೆ.